ಗೆದ್ದ ಹಣ ಯಾರದು?

ಜೂಜಿನಲ್ಲಿ ಸೋತವನನ್ನು ಕಂಡು ಮರುಗುವವರುಂಟು. ಗೆದ್ದವನ ಗೆಲವನ್ನು ಕುರಿತು ವಿಚಾರಿಸುವವರು ವಿರಳ. ವಿಚಾರವು ಅಲ್ಲಿಂದಲೇ ಆರಂಭವಾಗಬೇಕು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಂಥ ಪೇಟೆಯ ಊರುಗಳಲ್ಲಿ ದಿನವಿಡೀ ಮೆಣಸಿನಕಾಯಿ ಚೀಲ ಹೊತ್ತ ತರುಣನ ಕೈಗೆ ಸಂಜೆ ಕೂಲಿ ಬರುತ್ತದೆ. ಅದರ ಬೆನ್ನಿಗೇ ಓಸಿ ಚೀಟಿ ಬರೆಯುವವನ ಕರೆಯೂ ಬರುತ್ತದೆ. 1960ರ ದಶಕದಲ್ಲಿ ಮುಂಬಯಿಯಲ್ಲಿ ಬೆಳೆದ ಮಟಕಾ ಆಟವೇ ಇದು. ಒಂದು ರೂಪಾಯಿಗೆ 80 ರೂಪಾಯಿ ಎಂಬುದು ಅದರ ಆಮಿಷ. ಆದರೆ ಎರಡಂಕಿಯ ಜೋಡಿಗಳು ನೂರು. ನೂರು ಮಂದಿ ಬೇರೆ ಬೇರೆ ಜೋಡಿಗೆ ಒಂದೊಂದು ರೂಪಾಯಿ ಕಟ್ಟಿದರೆ ಒಬ್ಬನಿಗೆ 80, ಆಡಿಸುವವನಿಗೆ 20, ಉಳಿದ 99 ಮನೆಗಳಿಗೆ ಬರಿಗೈ. ಗೆದ್ದ ಹಣವು ಆಕಾಶದಿಂದ ಇಳಿದುದಲ್ಲ. ಅದು ಜೊತೆಯ ಕೂಲಿಕಾರರ ಬೆವರು.

ಸೋಲು ಸಾಲವಾಗುತ್ತದೆ. ಸಾಲ ತೀರಿಸಲೆಂದು ತರುಣನು ತಾನೇ ಚೀಟಿ ಬರೆಯಲು ನಿಲ್ಲುತ್ತಾನೆ. ನಿನ್ನೆ ಬಲಿಯಾದವನು ಇಂದು ಬಲೆಯಾಗುತ್ತಾನೆ. 1963ರ ಕರ್ನಾಟಕ ಪೊಲೀಸ್ ಕಾಯಿದೆಯಡಿ ಇದು ಅಪರಾಧ. ಆದರೆ ಕಾಯಿದೆಯು ಕೈಯನ್ನು ಹಿಡಿಯಬಲ್ಲುದು, ಆಸೆಯನ್ನು ಹಿಡಿಯಲಾರದು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದುಬರುವಂತೆ ಲಕ್ಕಮ್ಮನವರು ತಿಳಿಹೇಳಿದರು. ಆ ಅಕ್ಕಿ ಕದ್ದುದಲ್ಲ, ಕಾಯಕದಿಂದಲೇ ಬಂದುದು; ಹೆಚ್ಚಾಯಿತೆಂಬುದೊಂದೇ ಅದರ ದೋಷ. ಅದನ್ನೂ ಒಲ್ಲದ ಆ ತಾಯಿ ಪರರ ಕೂಲಿಯನ್ನು ಹೊಸ್ತಿಲೊಳಗೆ ಬರಗೊಡುವಳೆ? ಬೆವರಿಲ್ಲದೆ ಬಂದುದು ದಾಸೋಹಕ್ಕೆ ಸಲ್ಲದು.

ಮಗನು ಕೂಲಿಗೆ ಮೀರಿದ ಹಣ ತಂದ ಸಂಜೆ ಹರ್ಷಿಸುವ ಮುನ್ನ, ಇದು ಎಲ್ಲಿಯದೆಂದು ಕೇಳುವುದು ಗೃಹಸ್ಥರ ಧರ್ಮ. ಅವನು ಸೋತು ಬಂದ ರಾತ್ರಿ ಬಾಗಿಲು ಮುಚ್ಚದಿರುವುದೂ ಅದೇ ಧರ್ಮ. ಮುಚ್ಚಿದರೆ ಅವನಿಗಾಗಿ ತೆರೆದಿರುವುದು ಅಡ್ಡೆಯ ಬಾಗಿಲೊಂದೇ.