ಒಂದೇ ರೇಜರು ಸಾಕಾದ ಮೇಲೆ

ಬೌದ್ಧ ಭಿಕ್ಷು ತನ್ನದೆಂದು ಇಟ್ಟುಕೊಳ್ಳಬಹುದಾದ ವಸ್ತುಗಳು ಎಂಟು: ಮೂರು ಚೀವರ, ಒಂದು ಭಿಕ್ಷಾಪಾತ್ರೆ, ಸೊಂಟಪಟ್ಟಿ, ಸೂಜಿ, ನೀರು ಸೋಸುವ ಬಟ್ಟೆ, ಜೊತೆಗೊಂದು ಕ್ಷೌರದ ಕತ್ತಿ. ನಮ್ಮ ದಿಗಂಬರ ಜೈನ ಮುನಿಗಳ ಬಳಿ ಇರುವುದು ನವಿಲುಗರಿಯ ಪಿಂಛಿ, ಕಮಂಡಲು, ಸ್ವಾಧ್ಯಾಯಕ್ಕೊಂದು ಶಾಸ್ತ್ರಗ್ರಂಥ. ಕತ್ತಿ ಇಲ್ಲ. ಎರಡು ತಿಂಗಳಿಗೊಮ್ಮೆ, ತಡವಾದರೆ ನಾಲ್ಕು ತಿಂಗಳೊಳಗೆ, ತಲೆಗೂದಲನ್ನೂ ಗಡ್ಡಮೀಸೆಯನ್ನೂ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಬೆರಳು ಜಾರದಿರಲೆಂದು ಬೂದಿ ಹಚ್ಚಿಕೊಳ್ಳುವುದುಂಟು. ಆ ದಿನ ಉಪವಾಸ.

ಈ ಕೇಶಲೋಚ ನಡೆಯುವಾಗ ಎದುರು ಕೂತು ನೋಡಿದವರು ಅದನ್ನು ಮರೆಯಲಾರರು. ಚಿಕ್ಕಂದಿನಲ್ಲಿ ಅವ್ವನ ಮಗ್ಗುಲಲ್ಲಿ ಕೂತು ನೋಡುವಾಗ ನನಗೆ ಕಂಡದ್ದು ನೋವು ಮಾತ್ರ. ಕತ್ತಿ ಬೇಡವೆನ್ನುವುದಕ್ಕೆ ಶಾಸ್ತ್ರ ಕೊಡುವ ಕಾರಣ ತಿಳಿದದ್ದು ಬಹಳ ಕಾಲದ ಮೇಲೆ. ಕತ್ತಿ ಬೇಕೆಂದರೆ ಯಾರನ್ನೋ ಕೇಳಬೇಕು. ಸಿಕ್ಕಿದ್ದನ್ನು ಕಾಯಬೇಕು, ತುಕ್ಕು ಹಿಡಿಯದಂತೆ ಒರೆಸಬೇಕು, ಮೊಂಡಾದರೆ ಮಸೆಗಲ್ಲು ಹುಡುಕಬೇಕು. ಒಂದು ವಸ್ತು ಬಂದರೆ ಅದರ ಹಿಂದೆಯೇ ಅದರ ಬಳಗವೂ ಬರುತ್ತದೆ. ಇದು ಎಷ್ಟು ನಿಜವೆಂಬುದನ್ನು ನಾನು ಗ್ರಂಥದಿಂದ ಕಲಿಯಬೇಕಾಗಿರಲಿಲ್ಲ. ನನ್ನ ಬಚ್ಚಲುಮನೆಯ ಗೂಡೇ ಸಾಕಾಗಿತ್ತು.

ನಾನು ಹಾಸನ ಜಿಲ್ಲೆಯವನು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಉಕ್ಕು, ಅದರ ಅಲಗು, ಅಲಗಿನ ಕೋನ ಇವೇ ನನ್ನ ಅನ್ನ. ಹಾಗಾಗಿ ಹಳೆಯ ಕಾಲದ ಸೇಫ್ಟಿ ರೇಜರು ಮೊದಲ ಸಲ ಕೈಗೆ ಬಂದಾಗ ಅದು ಬರೀ ಗಡ್ಡದ ಸಾಮಾನಾಗಿ ಕಾಣಲಿಲ್ಲ. ಅವೆನ್ಯೂ ರಸ್ತೆಯ ಆಸುಪಾಸಿನ ಸಂಡೆ ಬಜಾರಿನಲ್ಲಿ, ತುಕ್ಕು ಹಿಡಿದ ನಲ್ಲಿ, ಬೀಗಗಳ ರಾಶಿಯ ನಡುವೆ ಬಿದ್ದಿದ್ದ ಜಿಲೆಟ್ ಟೆಕ್ ಅದು. 1938ರಲ್ಲಿ ಹೊರಬಂದ ಮಾದರಿ. ಮೇಲೊಂದು ಟೋಪಿ, ಕೆಳಗೊಂದು ತಟ್ಟೆ, ಒಂದು ಹಿಡಿ: ಮೂರೇ ತುಂಡು. ಹಿಡಿಯನ್ನು ತಿರುಗಿಸಿ ಬಿಗಿ ಮಾಡಿದರೆ, 0.1 ಮಿಲಿಮೀಟರ್ ದಪ್ಪದ ಬ್ಲೇಡು ಎರಡು ಲೋಹಗಳ ನಡುವೆ ಕಮಾನಿನಂತೆ ಬಾಗಿ, ಆ ಬಾಗಿನಿಂದಲೇ ಗಟ್ಟಿಯಾಗುತ್ತದೆ. ಅಷ್ಟು ತೆಳುವಾದದ್ದನ್ನು ಅದುರದ ಹಾಗೆ ಹಿಡಿಯುವ ಬಗೆ ಅದು. ಇವತ್ತಿಗೂ ಆ ಯೋಚನೆಯ ಸೊಬಗಿಗೆ ನಾನು ಕೈಮುಗಿಯುತ್ತೇನೆ.

ಆಮೇಲೆ ಅದರ ಬಳಗ ಬಂತು. ಸೋಲಿಂಗೆನ್ನಿನ ಮರ್ಕೂರ್ ಬಂತು, ಜರ್ಮನಿಯದೇ ಮ್ಯೂಲೆ ಬಂತು. 1ರಿಂದ 9ರವರೆಗೆ ಅಂಕಿ ಕೆತ್ತಿದ, ಬ್ಲೇಡಿನ ಸಂದು ಹಿಗ್ಗಿಸಿ ಕುಗ್ಗಿಸುವ ಜಿಲೆಟ್ ಬಂತು. ಜಪಾನಿನ ಫೆದರ್ ಬ್ಲೇಡು, ನಮ್ಮದೇ ಟೋಪಾಜ್, ಸೆವೆನ್ ಓ ಕ್ಲಾಕ್. ನೊರೆ ಕಲಸುವ ಬಟ್ಟಲು, ಬ್ರಷ್ಷು ನೇತುಹಾಕುವ ಸ್ಟ್ಯಾಂಡು. ಒಂದು ಗೆರೆಯನ್ನು ಮಾತ್ರ ನಾನು ದಾಟಲಿಲ್ಲ. ಬ್ಯಾಜರ್ ಎಂಬ ಪ್ರಾಣಿಯ ಕೂದಲಿನದೋ ಹಂದಿಗೂದಲಿನದೋ ಬ್ರಷ್ಷು, ದನದ ಕೊಬ್ಬಿನಿಂದ ಕಾಸಿದ ಸೋಪು ನಮ್ಮ ಮನೆಯ ಹೊಸ್ತಿಲೊಳಗೆ ಬರಲಿಲ್ಲ. ಸಿಂಥೆಟಿಕ್ ಎಳೆಯ ಬ್ರಷ್ಷು, ಎಣ್ಣೆಯಿಂದ ಮಾಡಿದ ಸೋಪು, ಅಷ್ಟೇ. ಹಿಂಸೆಯ ವಿಷಯದಲ್ಲಿ ಅಷ್ಟು ಎಚ್ಚರವಾಗಿದ್ದ ಮನಸ್ಸು ಪರಿಗ್ರಹದ, ಅಂದರೆ ಕೂಡಿಡುವುದರ, ವಿಷಯದಲ್ಲಿ ಯಾಕೆ ಎಚ್ಚರವಾಗಲಿಲ್ಲ ಎಂದು ಈಗ ಕೇಳಿಕೊಳ್ಳುತ್ತೇನೆ. ಹಿಂಸೆ ವಸ್ತುವಿನಲ್ಲೇ ಕಾಣುತ್ತದೆ, ಕೈಯಲ್ಲಿ ಹಿಡಿದು ತೋರಿಸಬಹುದು. ಪರಿಗ್ರಹ ಹಾಗಲ್ಲ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕಲಿಲ್ಲ. ವಸ್ತುವಿಗೆ ಅಂಟಿಕೊಂಡ ಮೋಹದಲ್ಲಿ ಹುಡುಕಿದರು. ಮೋಹವನ್ನು ಗೂಡಿನಿಂದ ತೆಗೆದು ತೋರಿಸುವುದು ಹೇಗೆ?

ಅಮೆರಿಕದ ಹಳೆಯ ಜಿಲೆಟ್ ರೇಜರುಗಳ ಮೇಲೆ ಒಂದು ಅಕ್ಷರ, ಒಂದು ಅಂಕಿ ಒತ್ತಿರುತ್ತದೆ. ಅಕ್ಷರ ತಯಾರಾದ ವರ್ಷವನ್ನು ಹೇಳಿದರೆ, ಅಂಕಿ ಆ ವರ್ಷದ ಯಾವ ಮೂರು ತಿಂಗಳೆಂದು ಹೇಳುತ್ತದೆ. ಇದು ತಿಳಿದವನು ತಾನು ಹುಟ್ಟಿದ ವರ್ಷದ ರೇಜರನ್ನು ಹುಡುಕತೊಡಗುತ್ತಾನೆ. ನಾನು 1958ರವನು. ಆ ವರ್ಷದ್ದು ಎಲ್ಲೋ ಇದೆ, ಯಾರದೋ ಡ್ರಾಯರಿನಲ್ಲಿದೆ, ನನ್ನದಾಗಬೇಕು ಎಂಬ ಯೋಚನೆ ಬೆಳಗ್ಗೆ ಗಡ್ಡಕ್ಕೆ ನೊರೆ ಹಚ್ಚುವಾಗಲೂ ತಲೆಯಲ್ಲಿ ಇರುತ್ತಿತ್ತು. ಕೈಯಲ್ಲಿ ಒಂದು ರೇಜರು, ಮನಸ್ಸಿನಲ್ಲಿ ಇನ್ನೊಂದು. ನನ್ನ ಮಟ್ಟಿಗೆ ಸಂಗ್ರಹದ ಹಂಬಲವೆಂದರೆ ಇದೇ ಆಗಿತ್ತು.

ಈ ವ್ಯಾಪಾರದ ಮೂಲಪುರುಷ ಕಿಂಗ್ ಕ್ಯಾಂಪ್ ಜಿಲೆಟ್ ಬಗ್ಗೆ ಓದಿದಾಗ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಆತ ಬಾಟಲಿ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಕೈಕೆಳಗೆ ಊರೂರು ಸುತ್ತಿ ಮಾರಾಟ ಮಾಡುತ್ತಿದ್ದ ಮನುಷ್ಯ. ಜನ ಬಳಸಿ ಬಿಸಾಡಿ ಮತ್ತೆ ಕೊಳ್ಳುವಂಥದ್ದನ್ನು ಕಂಡುಹಿಡಿ ಎಂಬ ಬುದ್ಧಿವಾದ ಸಿಕ್ಕಿದ್ದು ಅಲ್ಲೇ. ಅದೇ ಜಿಲೆಟ್ 1894ರಲ್ಲಿ ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕ ಬರೆದ. ಮನುಷ್ಯರ ನಡುವಿನ ಪೈಪೋಟಿಯೇ ಲೋಕದ ಕೇಡಿಗೆಲ್ಲ ಬೇರು, ಎಲ್ಲರೂ ನಯಾಗರ ಜಲಪಾತದ ಶಕ್ತಿಯಿಂದ ನಡೆಯುವ ಒಂದೇ ಮಹಾನಗರದಲ್ಲಿ ಕೂಡಿ ಬಾಳಬೇಕು ಎಂಬುದು ಆ ಪುಸ್ತಕದ ವಾದ. ಹತ್ತು ವರ್ಷದ ಮೇಲೆ, 1904ರಲ್ಲಿ, ರೇಜರಿನ ಪೇಟೆಂಟು ಆತನ ಕೈಸೇರಿತು. ಮಾರಾಟ ಶುರುವಾದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು ಮಾತ್ರ. ಆಮೇಲಿನದು ಲೋಕಕ್ಕೆಲ್ಲ ಗೊತ್ತು. ಲೋಭದ ಬೇರು ಹುಡುಕಿದವನ ಕೈಯಿಂದಲೇ ಮುಗಿಯದ ಕೊಳ್ಳುವಿಕೆಯ ಯಂತ್ರ ಹುಟ್ಟಿತು. ಅವನನ್ನು ಕಪಟಿಯೆನ್ನಲು ನನಗೆ ಮನಸ್ಸಿಲ್ಲ. ಲೋಭವನ್ನು ಊರಿನಲ್ಲಿ, ಪೇಟೆಯಲ್ಲಿ, ರಾಜ್ಯದ ಏರ್ಪಾಟಿನಲ್ಲಿ ಹುಡುಕುವುದು ಸುಲಭ. ಒಬ್ಬೊಬ್ಬರ ಕೈಬೆರಳಿನ ತುದಿಯಲ್ಲಿ ಅದು ಹೇಗೆ ಕೆಲಸ ಮಾಡುತ್ತದೆಂದು ನೋಡುವುದು ಬೇರೆಯದೇ ವಿದ್ಯೆ.

ಆ ವಿದ್ಯೆಯಲ್ಲಿ ಅವ್ವ ಪಳಗಿದ್ದಳು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರಿಗೆ ಭೋಗೋಪಭೋಗ ಪರಿಮಾಣವೆಂಬ ವ್ರತ ಹೇಳಿದೆ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ: ಊಟ, ಹೂವು, ಗಂಧ. ಮತ್ತೆ ಮತ್ತೆ ಬಳಸುವುದು ಉಪಭೋಗ: ಬಟ್ಟೆ, ಒಡವೆ, ಹಾಸಿಗೆ. ಎರಡಕ್ಕೂ ನಾವೇ ಒಂದು ಅಳತೆ ಹಾಕಿಕೊಳ್ಳಬೇಕು. ಜೀವಮಾನಕ್ಕೆಲ್ಲ ಹಾಕಿಕೊಂಡರೆ ಅದು ಯಮ. ಇಂದು, ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ಗಡುವಿಟ್ಟುಕೊಂಡರೆ ನಿಯಮ. ಇಷ್ಟು ಚಿಕ್ಕ ಚಿಕ್ಕ ಗಡುವುಗಳನ್ನು ಕೊಟ್ಟ ಆ ಆಚಾರ್ಯರಿಗೆ ಗೃಹಸ್ಥನ ಮೇಲೆ ಎಷ್ಟು ಕರುಣೆಯಿತ್ತು! ಅವ್ವ ಚಾತುರ್ಮಾಸದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಉಪ್ಪು, ಬೆಲ್ಲ ಈ ಆರು ರಸಗಳಲ್ಲಿ ಒಂದೊಂದನ್ನು ಸರದಿಯ ಮೇಲೆ ಬಿಡುತ್ತಿದ್ದಳು. ಉಪ್ಪು ಬಿಟ್ಟ ದಿನ ಸಪ್ಪೆ ಊಟ ಹೇಗೆ ಸೇರುತ್ತೆ ಅಂತ ಕೇಳಿದರೆ, “ಇವತ್ತೇ ಕಣಪ್ಪ ಅನ್ನದ ರುಚಿ ಗೊತ್ತಾಗೋದು” ಅನ್ನುತ್ತಿದ್ದಳು.

ಅವ್ವನ ದಾರಿ ಹಿಡಿದು ನಾನೂ ಒಂದು ಚಾತುರ್ಮಾಸದಲ್ಲಿ ನಿಯಮ ತೆಗೆದುಕೊಂಡೆ. ಒಂದು ಋತು, ಅಂದರೆ ಎರಡು ತಿಂಗಳು, ಒಂದೇ ರೇಜರು, ಒಂದೇ ಸೋಪು. ಸಂಡೆ ಬಜಾರಿನ ಆ ಟೆಕ್ಕನ್ನೇ ಇಟ್ಟುಕೊಂಡೆ. ನಿಯಮ ಕಟ್ಟಿಹಾಕಿದ್ದು ಕೈಯನ್ನಷ್ಟೇ. ಹಂಬಲ ಅದರ ಪಾಡಿಗೆ ಅದು ಕೆಲವು ದಿನ ಸುತ್ತಾಡಿತು. ಆಮೇಲೆ ನಡೆದದ್ದನ್ನು ನಾನು ಬಯಸಿರಲೂ ಇಲ್ಲ, ಊಹಿಸಿರಲೂ ಇಲ್ಲ. ಗಮನವೆಲ್ಲ ಮುಖಕ್ಕೆ ಇಳಿಯಿತು. ಎಡದವಡೆಯ ಕೆಳಗೆ ನನ್ನ ಗಡ್ಡ ಕೆಳಮುಖವಾಗಿ ಬೆಳೆಯುವುದಿಲ್ಲ, ಕಿವಿಯ ಕಡೆಗೆ ಸುಳಿ ಹೊಡೆಯುತ್ತದೆ. ಗಂಟಲಗುಳಿಯ ಮೇಲೆ ಒಂದಷ್ಟು ಕೂದಲು ಮೇಲ್ಮುಖ. ಇಷ್ಟು ವರ್ಷ ನಾನು ಅದರ ಎದುರಿಗೇ ಎಳೆಯುತ್ತಿದ್ದೆ. ಹೊಸ ಹೊಸ ರೇಜರು ಬಂದಾಗಲೆಲ್ಲ ಉರಿ ಕಡಿಮೆಯಾದೀತೆಂದು ಕಾಯುತ್ತಿದ್ದೆ.

ಈಗ ಬೆಳಗಿನ ಕೆಲಸ ಹೀಗೆ. ಒಂದು ಚೊಂಬು ಸೋಸಿದ ಬಿಸಿನೀರು. ಮುಖ ಎರಡು ಮೂರು ನಿಮಿಷ ಚೆನ್ನಾಗಿ ನೆನೆಯಬೇಕು, ನೀರು ಕುಡಿದ ಕೂದಲು ಮೆದುವಾಗುತ್ತದೆ. ಬ್ರಷ್ಷಿನ ತುದಿಯಲ್ಲಿ ಸೋಪು ತೆಗೆದುಕೊಂಡು ಅಂಗೈಯಲ್ಲೇ ನೊರೆ ಕಟ್ಟುತ್ತೇನೆ, ಬಟ್ಟಲು ಬೇಕಾಗಿಲ್ಲ. ಗಾಳಿಯೇ ತುಂಬಿದ ನೊರೆ ಪ್ರಯೋಜನವಿಲ್ಲ, ಮೊಸರಿನಷ್ಟು ಮಂದ ಬರಬೇಕು. ರೇಜರನ್ನು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಇಟ್ಟು, ಒತ್ತದೆ, ಅದರ ತೂಕಕ್ಕೇ ಬಿಡಬೇಕು. ಕೋನ ಸರಿಯಿದ್ದರೆ ಸಣ್ಣದಾಗಿ, ಒಂದೇ ಸಮನೆ ಶಬ್ದ ಬರುತ್ತದೆ. ತಪ್ಪಿದರೆ ಶಬ್ದ ನಿಂತುಹೋಗುತ್ತದೆ. ಲೇತಿನ ಮುಂದೆ ನಿಂತ ಕಾಲದಿಂದಲೂ ಅಲಗಿನ ಕ್ಷೇಮವನ್ನು ಕಿವಿಯಿಂದ ತಿಳಿಯುವುದು ನನಗೆ ರೂಢಿ. ಉಕ್ಕಿಗಿಂತ ಕೂದಲು ಐವತ್ತು ಪಟ್ಟು ಮೆದು. ಅಷ್ಟು ಮೆದುವಾದದ್ದು ಬ್ಲೇಡಿನ ಅಂಚನ್ನು ಹೇಗೆ ಚಕ್ಕೆ ಏಳಿಸುತ್ತದೆಂಬುದನ್ನು 2020ರಲ್ಲಿ ಅಮೆರಿಕದ ಎಂಐಟಿಯ ಲೋಹವಿಜ್ಞಾನಿಗಳು ತೋರಿಸಿಕೊಟ್ಟರು. ಕೂದಲು ಬಾಗಿ, ಓರೆಯಾಗಿ ಒತ್ತಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಜಾಗದಲ್ಲಿ ಅಂಚು ಸಿಡಿಯುತ್ತದಂತೆ. ಇದನ್ನು ಓದಿದ ದಿನ ನನಗಾದ ಸಂತೋಷ ಯಾವ ರೇಜರು ಕೊಂಡಾಗಲೂ ಆಗಿರಲಿಲ್ಲ. ಕೊನೆಗೆ ತಣ್ಣೀರು, ಒದ್ದೆ ಮುಖಕ್ಕೆ ಪಟಿಕ.

ಋತು ಮುಗಿದ ದಿನ ಉಳಿದ ರೇಜರುಗಳ ಡಬ್ಬಿ ತೆಗೆಯಬೇಕೆನಿಸಲಿಲ್ಲ. ಆಮೇಲೂ ಅನಿಸಲಿಲ್ಲ. ಒಂದೊಂದಾಗಿ ಕೊಟ್ಟುಬಿಟ್ಟೆ, ಬಹುಪಾಲು ಟೂಲ್ ರೂಮಿನಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗರಿಗೆ.

ಇದನ್ನು ವೈರಾಗ್ಯ ಎನ್ನಬಹುದೇ? ಹೊಟ್ಟೆ ತುಂಬಿ ಸಾಕಾಗಿರಬೇಕು ಎಂದು ನನ್ನ ತಂಗಿ ಹೇಳುತ್ತಾಳೆ. ನನಗೆ ಹಾಗೆ ಕಾಣುವುದಿಲ್ಲ. ಸಾಕಾದವನಿಗೆ ರುಚಿಯೂ ಸಾಕಾಗುತ್ತದೆ. ನನ್ನಲ್ಲಿ ರುಚಿ ಹೆಚ್ಚಿತು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಎಚ್ಚರಿಕೆಯೊಂದನ್ನು ಕೊಡುತ್ತಾನೆ: ನಿರಾಹಾರಿಯಿಂದ ವಿಷಯಗಳು ದೂರವಾಗುತ್ತವೆ, ಆದರೆ ಅವುಗಳ ರಸ ಉಳಿದುಬಿಡುತ್ತದೆ, ಪರವಸ್ತುವನ್ನು ಕಂಡ ಮೇಲಷ್ಟೇ ಅದೂ ಹೋಗುತ್ತದೆ ಎಂದು. ನನ್ನಲ್ಲಿ ಉಳಿದದ್ದೂ ಆ ರಸವೇ ಏನೋ ಎಂದು ಬಹಳ ದಿನ ಯೋಚಿಸಿದೆ. ಕೃಷ್ಣ ಹೇಳುವ ರಸ ಬಿಟ್ಟುಬಂದದ್ದರ ಕಡೆಗೆ ತಿರುಗಿ ನೋಡುವ ರಸ. ಉಪವಾಸದಲ್ಲಿದ್ದವನ ನಾಲಿಗೆಯಲ್ಲಿ ನಿನ್ನೆಯ ಊಟದ್ದು. ಕೈಯಲ್ಲಿರುವುದರಲ್ಲೇ ನೆಲೆಸಿ, ಇನ್ನೊಂದನ್ನು ಕರೆಯದ ರಸ ಅದಲ್ಲ. ಅವ್ವ ಸಪ್ಪೆ ಅನ್ನದಲ್ಲಿ ಕಂಡದ್ದು ಈ ಎರಡನೆಯದನ್ನು.

ಆದರೂ ಇಷ್ಟಕ್ಕೇ ನಿಂತು ಸಮಾಧಾನಪಡಲು ನಮ್ಮ ಸಿದ್ಧಾಂತ ಬಿಡುವುದಿಲ್ಲ. 981ರಲ್ಲಿ ಶ್ರವಣಬೆಳಗೊಳದ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ಆಚಾರ್ಯ ನೇಮಿಚಂದ್ರರು ಗೊಮ್ಮಟಸಾರ ಬರೆದರು. ಅದರಲ್ಲಿ ಲೋಭಕ್ಕೆ ನಾಲ್ಕು ಕಲೆಗಳ ಹೋಲಿಕೆಯಿದೆ. ಒಂದು ಕಿರಮಂಜಿ ಬಣ್ಣ, ಅದು ಬಿಡುವುದೇ ಇಲ್ಲ. ಇನ್ನೊಂದು ಗಾಡಿಯ ಅಚ್ಚಿನ ಕೀಲೆಣ್ಣೆ. ಮತ್ತೊಂದು ಮೈಕೊಳೆ. ಕೊನೆಯದು ಅರಿಶಿನ. ನನ್ನಿಂದ ಹೋದದ್ದು ಕೀಲೆಣ್ಣೆಯೋ ಮೈಕೊಳೆಯೋ ಇರಬೇಕು. ಸಂತೋಷಕ್ಕೆ ಅಲ್ಲಿ ಬೇರೆಯೇ ಜಾಗ. ಲೋಭ ಕಷಾಯಗಳಲ್ಲಿ, ಅಂದರೆ ಆತ್ಮವನ್ನು ಕಲುಷಿತಗೊಳಿಸುವ ಭಾವಗಳಲ್ಲಿ, ಒಂದಾದರೆ, ವಸ್ತುವಿನಲ್ಲಿ ಮನಸ್ಸು ನಲಿಯುವ ರತಿಯನ್ನು ನೋಕಷಾಯಗಳಲ್ಲಿ, ಅಂದರೆ ಅಲ್ಪ ಕಷಾಯಗಳಲ್ಲಿ ಎಣಿಸುತ್ತಾರೆ. ಹಂಬಲ ಬೇರೆ, ನಲಿವು ಬೇರೆ, ಒಂದು ಹೋದರೂ ಇನ್ನೊಂದು ಇರಬಹುದು ಎಂದು ನಾನು ಕನ್ನಡಿಯ ಮುಂದೆ ಕಂಡುಕೊಂಡದ್ದನ್ನು ಅವರು ಸಾವಿರ ವರ್ಷದ ಹಿಂದೆಯೇ ವಿಂಗಡಿಸಿಟ್ಟಿದ್ದರು. ಆ ಪುಟಗಳನ್ನು ಓದುವಾಗ ನನ್ನ ಎದೆ ತುಂಬಿಬಂತು.

ಅದೇ ಶಾಸ್ತ್ರ ಇನ್ನೊಂದು ಮಾತನ್ನೂ ಹೇಳುತ್ತದೆ. ಆತ್ಮ ಏರುವ ಗುಣಸ್ಥಾನಗಳೆಂಬ ಮೆಟ್ಟಿಲುಗಳಲ್ಲಿ ರತಿಯ ಉದಯ ಎಂಟನೆಯದರಲ್ಲೇ ಕೊನೆಗೊಳ್ಳುತ್ತದೆ. ಲೋಭದ ಸೂಕ್ಷ್ಮ ಎಳೆ ಮಾತ್ರ ಹತ್ತನೆಯದರವರೆಗೂ ಬರುತ್ತದೆ. ಎಂದರೆ ನಲಿವು ಹೋದ ಮೇಲೂ ಹಂಬಲದ ಬೇರು ಉಳಿದಿರುತ್ತದೆ. ಬೆಳಗ್ಗೆ ನೊರೆಯ ವಾಸನೆಗೇ ಹಿಗ್ಗುವ ನಾನು ಲೋಭ ಗೆದ್ದೆನೆಂದು ಹೇಳುವ ಹಾಗೇ ಇಲ್ಲ. ಗೃಹಸ್ಥನಿಗೆ ಹೇಳಿದ ಹನ್ನೊಂದು ಪ್ರತಿಮೆಗಳ, ಅಂದರೆ ವ್ರತದ ಮೆಟ್ಟಿಲುಗಳ, ಕೊನೆಯದರಲ್ಲೂ ಕ್ಷುಲ್ಲಕರೆಂಬವರು ಕೂದಲಿಗೆ ಕತ್ತಿ ತಾಕಿಸಬಹುದು. ಅದೇ ಮೆಟ್ಟಿಲಿನ ಮೇಲಿನ ದರ್ಜೆಯ ಐಲಕರಾದ ಮೇಲೆ ಲೋಚ. ಅಷ್ಟು ದೂರದವರೆಗೂ ಕತ್ತಿಗೆ ಅವಕಾಶ ಕೊಟ್ಟಿದ್ದಾರೆ. ಎರಡನೆಯ ಮೆಟ್ಟಿಲಲ್ಲಿ ತಡವರಿಸುತ್ತಿರುವ ನಾನು ಇರುವ ಒಂದು ರೇಜರನ್ನೂ ಈಗಲೇ ಎಸೆಯಬೇಕೆಂದು ಅವಸರಪಡುವುದರಲ್ಲಿ ಧರ್ಮವೇನೂ ಕಾಣುವುದಿಲ್ಲ. ನಲಿವನ್ನು ಕೊಂದರೆ ಹಂಬಲ ಸಾಯುತ್ತದೆಂಬ ನಂಬಿಕೆಯಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಬೆಳೆಸುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ.

ತಂಗಿಯ ಮಗಳು ಡ್ಯುಸೆಲ್ಡಾರ್ಫ್‌ನಲ್ಲಿ ಕೆಲಸದಲ್ಲಿದ್ದಾಳೆ, ಸೋಲಿಂಗೆನ್ ಅಲ್ಲಿಂದ ಹತ್ತಿರ. ದಸರೆಗೆ ಬರುವ ಮುಂಚೆ ಫೋನು ಮಾಡಿದ್ದಳು. “ಮಾವ, ಇಲ್ಲಿ ರೇಜರ್ ಅಂಗಡಿ ನೋಡಿದೆ. ನಿಮಗೆ ಯಾವ್ದು ತರ್ಲಿ ಹೇಳಿ” ಅಂದಳು. ರೇಜರು ಬೇಡಮ್ಮ ಅಂದೆ. ಬೇಜಾರು ಮಾಡಿಕೊಂಡಾಳೆಂದು, “ಒಂದು ಸೋಪು ತಾ. ಕೊಬ್ಬು ಹಾಕದೇ ಇರೋದು ನೋಡಿ ತಾ” ಅಂದೆ. ಅವಳು ತಂದ ಸೋಪು ಗಂಧದ್ದು, ಮರದ ಬಟ್ಟಲಿನಲ್ಲಿದೆ. ಈಗ ಅದೇ ನಡೆಯುತ್ತಿದೆ, ಅರ್ಧ ಸವೆದಿದೆ. ಮುಗಿದ ಮೇಲೆ ಬಟ್ಟಲು ಅವಳಮ್ಮನಿಗೆ, ಬಸದಿಗೆ ಅಕ್ಷತೆ ಒಯ್ಯುವುದಕ್ಕೆ.