ಅಮ್ಮನ ದುಡ್ಡು, ನನ್ನ ಒಟಿಪಿ

ಪ್ರತಿ ನವೆಂಬರ್‌ನಲ್ಲಿ ಅಮ್ಮ ಬದುಕಿದ್ದಾಳೆ ಎಂದು ನಾನು ಸರ್ಕಾರಕ್ಕೆ ತೋರಿಸಬೇಕು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಅವರು ಹೋದ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. 2014ರಲ್ಲಿ ಶುರುವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಬೆರಳಚ್ಚು ಕೊಟ್ಟರೆ ಸಾಕು. ಆದರೆ ಪಾತ್ರೆ ತಿಕ್ಕಿ ಸವೆದ ಅಮ್ಮನ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಹಾಗಾಗಿ ಫೋನಿಗೆ ಮುಖ ತೋರಿಸುತ್ತೇವೆ. ಅವಳು ಸೆರಗು ಸರಿಮಾಡಿಕೊಂಡು ಕೂರುತ್ತಾಳೆ. 'ಕಣ್ಣು ಮಿಟುಕಿಸಮ್ಮ' ಅನ್ನುತ್ತೇನೆ. ಮಿಟುಕಿಸುತ್ತಾಳೆ. ಅಲ್ಲಿಗೆ ಆ ವರ್ಷದ ಕೆಲಸ ಮುಗಿಯಿತು.

ಉಳಿದ ಹನ್ನೊಂದು ತಿಂಗಳು ಅವಳ ಖಾತೆಗೆ ಜೀವ ನಾನೇ. ಬ್ಯಾಂಕಿನಲ್ಲಿರುವುದು ನನ್ನ ಮೊಬೈಲ್ ನಂಬರು. ಊರಿನಲ್ಲಿ ಅವಳು ಗ್ಯಾಸಿಗೆ ಹೇಳಿದರೆ, ಹಾಸ್ಟೆಲಿನಲ್ಲಿ ನನಗೆ ಒಟಿಪಿ ಬರುತ್ತದೆ. ಇದನ್ನು ನಾನು ಸೇವೆ ಎಂದೇ ತಿಳಿದಿದ್ದೆ.

ಹೋದ ವರ್ಷ ಚಿಕ್ಕಮ್ಮ ಐದು ಸಾವಿರ ಸಾಲ ಕೇಳಿದರು. 'ಕಳಿಸು' ಅಂದಳು ಅಮ್ಮ. ಚಿಕ್ಕಮ್ಮನ ಸಾಲ ತಿರುಗಿ ಬಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. 'ಸರ್ವರ್ ಇಲ್ಲಮ್ಮ' ಅಂದೆ. ಮೂರು ದಿನ ಅದನ್ನೇ ಅಂದೆ. ಚಿಕ್ಕಮ್ಮ ಕೇಳುವುದನ್ನು ಬಿಟ್ಟರು. ಅಮ್ಮನ ದುಡ್ಡು ಉಳಿಸಿದೆ ಎಂದು ಸಮಾಧಾನಪಟ್ಟೆ. ಅದೇ ವರ್ಷ ನನ್ನ ಫೆಲೋಶಿಪ್ ತಡವಾಯಿತು. ಮೆಸ್ ಬಾಕಿ ಕಟ್ಟಲು ಅಮ್ಮನ ಖಾತೆಯಿಂದ ಎಂಟು ಸಾವಿರ ತೆಗೆದೆ, ಫೆಲೋಶಿಪ್ ಬಂದ ದಿನವೇ ತುಂಬಿದೆ. ಹೇಳಲಿಲ್ಲ. ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎಂಬ ಗಾದೆಯನ್ನು ರಾಜಕಾರಣಿಗಳಿಗೆ ಅನ್ವಯಿಸುವುದು ಸುಲಭ.

ತಪ್ಪು ಎಲ್ಲಿದೆ? ಒಂದು ರೂಪಾಯಿಯೂ ಕಳೆದಿಲ್ಲ. ಅವಳ ಹಿತವೇ ಅಳತೆಗೋಲಾದರೆ ನಾನು ಒಳ್ಳೆಯ ಲೆಕ್ಕಿಗ. ಆದರೆ ಹಿತ ಬೇರೆ, ಇಚ್ಛೆ ಬೇರೆ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 12ನೇ ವಿಧಿ ಈ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತದೆ: ನೆರವು ಕೊಡುವವರು ನೆರವು ಪಡೆಯುವವರ ಇಚ್ಛೆಯನ್ನು ಗೌರವಿಸಬೇಕು. ಅಮ್ಮನ ಬುದ್ಧಿ ನನ್ನದಕ್ಕಿಂತ ಚುರುಕು. ಅವಳಿಗೆ ಬಾರದ್ದು ಫೋನು ಮಾತ್ರ. ಆ ಒಂದು ಕೊರತೆಯನ್ನು ನಾನು ಅವಳ ವಿವೇಕದ ಕೊರತೆ ಎಂಬಂತೆ ಬಳಸಿಕೊಂಡಿದ್ದೆ.

ನಮ್ಮ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರೆ ಅಥವಾ ಬುದ್ಧಿ ಸ್ವಾಧೀನ ಕಳೆದುಕೊಂಡರೆ ಪ್ರತಿನಿಧಿಯ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಮೊದಲ ಸಲ ಓದಿದಾಗ ಕ್ರೂರ ಅನ್ನಿಸಿತು. ಮರೆವಿನ ಕಾಯಿಲೆ ಬಂದವರ ಮಕ್ಕಳಿಗೆ ಪವರ್ ಆಫ್ ಅಟಾರ್ನಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಆ ಕಷ್ಟ ನಿಜ. ಆದರೂ ಅದರ ಹಿಂದೊಂದು ವಿವೇಕವಿದೆ: ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆಯಬಲ್ಲ ಒಬ್ಬರು ಎದುರಿಗಿದ್ದಾಗ ಮಾತ್ರ ಅದು ಪ್ರಾತಿನಿಧ್ಯ. ಅಮ್ಮ ನನ್ನಿಂದ ಹಿಂದಕ್ಕೆ ಪಡೆಯಬಲ್ಲಳೇ? ಬ್ಯಾಂಕಿನಲ್ಲಿ ನಂಬರು ಬದಲಿಸಬೇಕೆಂದರೂ ಅವಳು ಕರೆಯುವುದು ನನ್ನನ್ನೇ.

ನವೆಂಬರ್‌ನಲ್ಲಿ ಊರಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಎಂಟು ಸಾವಿರ ಹೋದದ್ದು, ಬಂದದ್ದು, ಎರಡೂ ಸಾಲುಗಳು ಅಚ್ಚಾಗಿದ್ದವು. ಅವಳು ನೋಡುವ ಮೊದಲೇ ಹೇಳಿಬಿಟ್ಟೆ. ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ತಾರೀಕು ಓದಿದಳು. ಆಮೇಲೆ ಕೇಳಿದಳು, 'ನಿಂಗೆ ಬೇಕಾದಾಗ ಸರ್ವರ್ ಇತ್ತಾ?'

ಉತ್ತರವಿರಲಿಲ್ಲ. ಅವತ್ತೇ ಚಿಕ್ಕಮ್ಮನಿಗೆ ಐದು ಸಾವಿರ ಕಳಿಸಿದೆವು. ಗುಂಡಿ ಒತ್ತಿದ್ದು ಅಮ್ಮನ ಬೆರಳು, ಪಕ್ಕದಲ್ಲಿ ನಾನು. ಈಗ ಪ್ರತಿ ತಿಂಗಳು ಪಿಂಚಣಿ ಬಂದ ದಿನ ಫೋನಿನಲ್ಲಿ ಜಮೆ, ಖರ್ಚು ಓದಿ ಹೇಳುತ್ತೇನೆ. ಅವಳು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದುಕೊಳ್ಳುತ್ತಾಳೆ. ಕೆಲವು ಸಲ 'ಸಾಕು ಬಿಡು, ಸಾರು ಉಕ್ತಿದೆ' ಎಂದು ಇಟ್ಟುಬಿಡುತ್ತಾಳೆ. ಆಗ ಸಂಜೆ ಮತ್ತೆ ಮಾಡುತ್ತೇನೆ.

ಚಿಕ್ಕಮ್ಮ ಇನ್ನೂ ಹಿಂದಿರುಗಿಸಿಲ್ಲ. ಆ ನಷ್ಟ ಅಮ್ಮನದು. ಅವಳಿಗೆ ಅದರ ಬಗ್ಗೆ ಬೇಸರವಿದ್ದಂತಿಲ್ಲ.