ಕಾಣದಿರುವುದೂ ಸಾಕ್ಷಿಯೇ?

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರು ಮತ್ತು ಹೆಸರು ಬದಲಾವಣೆಯ ಪ್ರಕಟಣೆಗಳ ನಡುವೆ, ಒಮ್ಮೊಮ್ಮೆ ಕೌಟುಂಬಿಕ ನ್ಯಾಯಾಲಯದ ನೋಟಿಸು ಇರುತ್ತದೆ. ನಿಮ್ಮ ಪತ್ನಿ ವಿಚ್ಛೇದನ ಕೋರಿದ್ದಾರೆ, ಇಂಥ ದಿನ ಹಾಜರಾಗದಿದ್ದರೆ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು ಎಂದು. ಎಲ್ಲಿದ್ದಾನೆಂದೇ ತಿಳಿಯದವನಿಗೆ ಬರೆದ ಕಾಗದ ಅದು. ಅವನು ಓದುತ್ತಾನೆಂದು ಹಾಕಿಸಿದವರೂ ನಂಬಿರಲಾರರು. ಹಾಗಾದರೆ ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸವೇ? ಬಾರದವನ ಮೌನವನ್ನು ಅವನ ವಿರುದ್ಧವೇ ಬಳಸುವುದು ನ್ಯಾಯವೇ?

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇಂಥವರಿಗೆ ಎರಡು ದಾರಿಗಳಿವೆ. ಸಂಗಾತಿ ಕಾರಣವಿಲ್ಲದೆ ಬಿಟ್ಟುಹೋಗಿ ಎರಡು ವರ್ಷವಾಗಿದ್ದರೆ ಪರಿತ್ಯಾಗ. ಬದುಕಿರುವ ಸುದ್ದಿಯೇ ಏಳು ವರ್ಷ ಇಲ್ಲದಿದ್ದರೆ ಅದೂ ಒಂದು ಆಧಾರ. ಮುಸ್ಲಿಂ ಮಹಿಳೆಗೆ 1939ರ ಕಾಯ್ದೆ ನಾಲ್ಕು ವರ್ಷದ ಅವಧಿ ಇಟ್ಟಿದೆ. ತೀರ್ಪು ಜಾರಿಗೆ ಬರಲು ಮತ್ತೆ ಆರು ತಿಂಗಳು ಕಾಯಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳು ವರ್ಷದ ನಿಯಮದಲ್ಲಿರುವ ಷರತ್ತು. ಯಾರಿಗೋ ಸುದ್ದಿ ಇಲ್ಲದಿದ್ದರೆ ಸಾಲದು. ಆತ ಬದುಕಿದ್ದರೆ ಸಹಜವಾಗಿ ಯಾರಿಗೆ ತಿಳಿಯಬೇಕಿತ್ತೋ ಅವರಿಗೇ ತಿಳಿದಿರಬಾರದು.

ಸಂಶೋಧನೆಗೆಂದು ಮೀಮಾಂಸೆ ಓದುವ ನನಗೆ ಇದು ಪರಿಚಿತ ಮಾತು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವುದನ್ನು, ಒಂದು ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವ ಸ್ಥಿತಿ ಇರಬೇಕು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದಿಲ್ಲ ಎನ್ನಬಹುದು, ಕತ್ತಲಲ್ಲಿ ಹಾಗೆನ್ನಲಾಗದು.

ನೋಟಿಸಿನ ಕೆಲಸ ಈ ದೀಪ ಹಚ್ಚುವುದೇ. ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಪ್ರದೇಶದಲ್ಲಿ ಓಡಾಡುವ ಪತ್ರಿಕೆಯಲ್ಲೇ ಅದು ಬರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುವುದು ಅದಕ್ಕೇ. ಮಹಾಭಾರತದ ದಮಯಂತಿ ಊರೂರಿಗೆ ಬ್ರಾಹ್ಮಣರನ್ನು ಕಳಿಸಿ ಹೇಳಿಸಿದ್ದು ನಳನೊಬ್ಬನೇ ಗುರುತಿಸಬಲ್ಲ ಮಾತುಗಳನ್ನು. ಅಯೋಧ್ಯೆಯಲ್ಲಿ ಸಾರಥಿಯ ವೇಷದಲ್ಲಿದ್ದವನಿಂದ ಉತ್ತರ ಬಂತು. ಬಾರದೇ ಹೋಗಿದ್ದರೆ ಆ ಮೌನಕ್ಕೂ ಒಂದು ಅರ್ಥವಿರುತ್ತಿತ್ತು.

ಇದೇ ವಿಧಾನವನ್ನು ಮೋಸಕ್ಕೂ ಬಳಸಬಹುದು. ಹೆಂಡತಿ ತವರಿನಲ್ಲಿದ್ದಾಳೆಂದು ಗೊತ್ತಿದ್ದೂ ‘ವಿಳಾಸ ತಿಳಿಯದು’ ಎಂದು ಪ್ರಮಾಣ ಮಾಡಿ, ಆ ಊರಿಗೆ ಬಾರದ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸುವವನು ದೀಪ ಆರಿಸಿ ಗಡಿಗೆ ಇಲ್ಲ ಎನ್ನುವವನು. ಏಕಪಕ್ಷೀಯ ತೀರ್ಪನ್ನು ರದ್ದುಮಾಡಿಸಲು ಅವಕಾಶವಿದೆ ನಿಜ. ಆದರೆ ಅವಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅವನ ಮರುಮದುವೆಯೂ ಆಗಿರಬಹುದು.

ಹಾಗೆಂದು ಹುಡುಕಾಟಕ್ಕೆ ಕೊನೆಯೇ ಇರಬಾರದೆ? ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವ ಹೆಂಗಸಿಗೆ ಅದು ಇನ್ನೊಂದು ಶಿಕ್ಷೆ. ಬಿಟ್ಟುಹೋದವನಿಗೆ ಮನೆಯ ದಾರಿ ಗೊತ್ತು. ಉಳಿದವಳಿಗೆ ಅವನ ದಾರಿ ಗೊತ್ತಿಲ್ಲ. ಅವನ ಅಣ್ಣತಮ್ಮಂದಿರನ್ನು, ಕೆಲಸದ ಜಾಗವನ್ನು, ಪೊಲೀಸ್ ಠಾಣೆಯನ್ನು ಕೇಳಿ ಬಂದ ಮೇಲೆ ಅವಳ ಹೊಣೆ ಮುಗಿಯಿತೆಂದೇ ನನ್ನ ಎಣಿಕೆ.

ಬರಲಾರದವರೂ ಇರುತ್ತಾರೆ: ನೆನಪು ಕಳೆದುಕೊಂಡವರು, ಎಲ್ಲೋ ಗುರುತಿಲ್ಲದೆ ಸತ್ತವರು. ಪರಿತ್ಯಾಗ ಎನ್ನುವಾಗ ನಾವು ಬೇಕೆಂದೇ ಬಿಟ್ಟುಹೋದನೆಂದು ದೂರುತ್ತೇವೆ. ಏಳು ವರ್ಷದ ನಿಯಮ ಯಾರನ್ನೂ ದೂರುವುದಿಲ್ಲ, ಸತ್ತನೆಂದು ಸಾರುವುದೂ ಇಲ್ಲ. ಇವಳು ಇನ್ನು ಕಾಯಬೇಕಿಲ್ಲ ಎಂದಷ್ಟೇ ಹೇಳುತ್ತದೆ. ಅಷ್ಟನ್ನು ಹೇಳಲು ಅವನ ಬಗ್ಗೆ ಎಲ್ಲವೂ ತಿಳಿದಿರಬೇಕಿಲ್ಲ. ಅವಳು ಪ್ರಾಮಾಣಿಕವಾಗಿ ಹುಡುಕಿದ್ದಾಳೆಂಬುದು ತಿಳಿದಿರಬೇಕು.